ಒಂದು ಮನಿ, ನಾಲ್ಕು ಮಂದಿ, ಹದಿಮೂರು ಡಬ್ಬಿ: ಯಾವುದು ಯಾವಾಗ, ಯಾವುದು ಬ್ಯಾಡ?

ಗಂಗಾವತಿ ಗಿರಣಿ ಓಣಿ
ತಿಳಿದವರು ಬಿಡಿಸಿ ಹೇಳ್ರಿ. ಕೆಳಗಿನದು ಭತ್ತದ ಸೀಮಿ ಒಂದು ಮನ್ಯಾಗ ನುಂಗೋ ಮಾತ್ರಿ, ಪುಡಿ ಪಟ್ಟಿ. ಇಂಥಾದ್ದು ಈಗ ಸಿಂಧನೂರು, ಸಿರುಗುಪ್ಪ, ಕಾರಟಗಿ ಎಲ್ಲಿ ಹೋದ್ರೂ ಸಿಗ್ತೈತಿ.

ತಾಯಿ, 56: ಮುಂಜಾನಿ 6ಕ್ಕ ಥೈರಾಯ್ಡ್ ಮಾತ್ರಿ, 7ಕ್ಕ ಚಹಾದ ಜೊತಿ ಕ್ಯಾಲ್ಸಿಯಂ, ಊಟಕ್ಕ ಶುಗರ್ ಇಳಿಸೋ ಮೆಟ್‌ಫಾರ್ಮಿನ್, ಭಾನುವಾರ ವಿಟಮಿನ್ ಡಿ ಸ್ಯಾಶೆ 60,000 ಐಯು (ವಿಟಮಿನ್ ಅಳಿಯೋ ಮಾನ), ರಾತ್ರಿ ನಿದ್ದಿಗೆ ಅಶ್ವಗಂಧ. ಮೊಣಕಾಲು, ಸೊಂಟ ನೋವು.
ತಂದಿ, 60: ಬಿಪಿಗೆ ಟೆಲ್ಮಿಸಾರ್ಟನ್, ಮೀನೆಣ್ಣಿ ಕ್ಯಾಪ್ಸೂಲ್, ನೀರಾಗ ಹಾಕಿದ್ರ ಬುರುಬುರು ಅನ್ನೋ ಮಲ್ಟಿವಿಟಮಿನ್.
ಮಗ, 24, 62 ಕೆಜಿ: ವೇ ಪ್ರೋಟೀನ್ (ಹಾಲಿನ ಪ್ರೋಟೀನ್ ಪುಡಿ), ಮಾಸ್ ಗೇನರ್ (ತೂಕ ಏರಿಸೋ ಪುಡಿ), ಕ್ರಿಯಾಟಿನ್ (ಭಾರ ಎತ್ತೋರು ತಗೊಳ್ಳೋ ಪುಡಿ).
ಮಗಳು, 21: ಕೂದಲಿನ ಗಮ್ಮಿ (ಅಗಿಯೋ ಸಿಹಿ ಗುಳಿಗಿ), ಐರನ್ ಮಾತ್ರಿ (ಅದೂ ಚಹಾದ ಜೊತಿನ).

ಅರ್ಧ ಡಾಕ್ಟರ್ ಬರದದ್ದು, ಅರ್ಧ ಆ್ಯಪ್ ಹತ್ತು ಪ್ರಶ್ನೆ ಕೇಳಿ ಹೇಳಿದ್ದು. ಎರಡು ಹೊತ್ತೂ ಅನ್ನ, ರೊಟ್ಟಿ ವಾರಕ್ಕೊಮ್ಮೆ. ಪಾರ್ಸಲ್ ಎಲ್ಲಾ ಬಿಸಿಲಾಗ ಬರ್ತಾವ. ಏನು ಬದಲಾಯಿಸಬೇಕು?

ಮಾತ್ರೆ ಅಂಗಡಿ
ಮೊದಲು ತಾಯಿಯವರದ್ದು ಸರಿಪಡಿಸಿ, ಅಲ್ಲಿ ದುಡ್ಡಿಗಿಂತ ದೊಡ್ಡ ನಷ್ಟ ಆಗ್ತಾ ಇದೆ. ಥೈರಾಯ್ಡ್ ಮಾತ್ರೆ ಆದ ಒಂದು ಗಂಟೆಗೆ ಕ್ಯಾಲ್ಸಿಯಂ ಅಂದ್ರೆ ಥೈರಾಯ್ಡ್ ಮಾತ್ರೆ ಕರುಳಲ್ಲೇ ಅದಕ್ಕೆ ಅಂಟಿಕೊಂಡು ಹೊರಗೆ ಹೋಗುತ್ತೆ. ಟಿಎಸ್‌ಎಚ್ (ಥೈರಾಯ್ಡ್ ಕೊರತೆ ತೋರಿಸೋ ರಕ್ತದ ಅಂಕಿ) ಏರುತ್ತೆ, ಡಾಕ್ಟರ್ ಡೋಸ್ ಏರಿಸ್ತಾರೆ, ಕ್ಯಾಲ್ಸಿಯಂ ನಿಲ್ಲಿಸಿದ ದಿನ ಅದೇ ಡೋಸ್ ಹೆಚ್ಚಾಗುತ್ತೆ. ಕ್ಯಾಲ್ಸಿಯಂ ಇರಲಿ, ಐರನ್ ಇರಲಿ, ಖನಿಜ ಇರೋ ಮಲ್ಟಿವಿಟಮಿನ್ ಇರಲಿ, ಕನಿಷ್ಠ 4 ಗಂಟೆ ಅಂತರ. ಥೈರಾಯ್ಡ್ ಮಾತ್ರೆ ಬರೀ ನೀರಲ್ಲಿ, ಚಹಾ ಅರ್ಧದಿಂದ ಒಂದು ಗಂಟೆ ಬಿಟ್ಟು.

ಇನ್ನು ಕ್ಯಾಲ್ಸಿಯಂ ಡಬ್ಬಿ ತಿರುಗಿಸಿ ಓದಿ. ಕಾರ್ಬೊನೇಟ್ ಆದರೆ ಊಟದ ಜೊತೆಗೇ ತಗೋಬೇಕು, ಹೊಟ್ಟೆಯ ಆಮ್ಲ ಬೇಕು ಅದಕ್ಕೆ. ಸಿಟ್ರೇಟ್ ಆದರೆ ಯಾವಾಗಲಾದರೂ ಸರಿ. ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ದಿನಾ ನಡೀತಿದ್ರೆ ಕಾರ್ಬೊನೇಟ್ ಸರಿಯಾಗಿ ಒಳಗೆ ಸೇರಲ್ಲ, ಸಿಟ್ರೇಟ್ ಕೇಳಿ. «1250 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್» ಅಂದ್ರೆ ನಿಜವಾದ ಕ್ಯಾಲ್ಸಿಯಂ 500 ಅಷ್ಟೇ. ಒಂದು ಸಲಕ್ಕೆ 500ರ ಮೇಲೆ ನುಂಗಿದ್ರೆ ಸೇರೋ ಪಾಲು ಕಡಿಮೆಯಾಗ್ತಾ ಹೋಗುತ್ತೆ.

ಲ್ಯಾಬ್ ಕೋಟು
ಭಾನುವಾರದ ಸ್ಯಾಶೆ ಎಷ್ಟು ವಾರದಿಂದ ನಡೀತಿದೆ?

ಗಂಗಾವತಿ ಗಿರಣಿ ಓಣಿ
ಚೀಟ್ಯಾಗ 8 ವಾರ ಅಂತ ಐತಿ. ಆ್ಯಪ್‌ನ್ಯಾಗ ‘ಪ್ರತಿ ತಿಂಗಳು ಕಳಿಸಿ’ ಒತ್ಯಾರ. ಹನ್ನೊಂದು ತಿಂಗಳು ಆತು.

ರೊಟ್ಟಿ ಬಡಿಯೋಕಿ
ಯವ್ವಾ! ಡಾಕ್ಟರ್ ಎಂಟು ವಾರ ಅಂದ್ರು, ಫೋನು ಎಂಟು ವಾರ ಅನ್ನಂಗಿಲ್ಲ ನೋಡು.

ಲ್ಯಾಬ್ ಕೋಟು
ಇದೇ ಈಗಿನ ಹೊಸ ರೋಗ. ಮೊದಲು ಅಂಗಡಿಯವರು ಚೀಟಿ ಕೇಳ್ತಿದ್ರು, ಇಲ್ಲ ಅಂದ್ರೆ ಸ್ಯಾಶೆ ಮುಗಿದ ಮೇಲೆ ಮರೆತು ಹೋಗ್ತಿತ್ತು. ಆ ಮರೆವೇ ಒಂದು ಕಾವಲಾಗಿತ್ತು. ಈಗ ಫೋನು ಮರೆಯಲ್ಲ.

ಲೆಕ್ಕ ನೋಡಿ: ವಾರಕ್ಕೆ 60,000 ಅಂದ್ರೆ ದಿನಕ್ಕೆ ಸುಮಾರು 8,570 ಐಯು. ಆರೋಗ್ಯವಂತ ದೊಡ್ಡವರಿಗೆ ದಿನದ ಅಗತ್ಯ 600, ತಪಾಸಣೆ ಇಲ್ಲದೆ ದಿನವೂ ತಗೊಳ್ಳೋಕೆ ಮೇಲಿನ ಮಿತಿ 4,000. ಎಂಟು ವಾರ ಕೊಡೋದು ಖಾಲಿ ಕೊಡ ತುಂಬಿಸೋಕೆ. ತುಂಬಿದ ಮೇಲೂ ನಲ್ಲಿ ಬಿಟ್ಟರೆ ಡಿ ಕೊಬ್ಬಿನಲ್ಲಿ ಕೂತು ಬಿಡುತ್ತೆ, ಮೂತ್ರದಲ್ಲಿ ಹೋಗಲ್ಲ. ಆಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ: ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಕು, ಕಿಡ್ನಿ ಕಲ್ಲು. ಸಕ್ಕರೆ ಕಾಯಿಲೆ ಇರೋರಿಗೆ ಬಾಯಾರಿಕೆ, ಮೂತ್ರ ಅಂದ್ರೆ ಶುಗರ್ ಏರಿದೆ ಅಂದುಕೊಂಡು ಸುಮ್ಮನಿರ್ತಾರೆ, ಅದೇ ಅಪಾಯ.

ಮಾಡಬೇಕಾದ್ದು: ಸ್ಯಾಶೆ ನಿಲ್ಲಿಸಿ. 25-ಹೈಡ್ರಾಕ್ಸಿ ವಿಟಮಿನ್ ಡಿ, ಸೀರಮ್ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಮೂರೂ ಒಟ್ಟಿಗೆ ಮಾಡಿಸಿ. ವರದಿ ಬರೋವರೆಗೆ ಕ್ಯಾಲ್ಸಿಯಂ ಮಾತ್ರೆ ಮುಂದುವರಿಸಬೇಕಾ ಅಂತ ಡಾಕ್ಟರ್‌ನ ಕೇಳಿ. ಡಿ ಮಿಲಿಲೀಟರ್ ರಕ್ತಕ್ಕೆ 150 ನ್ಯಾನೊಗ್ರಾಂ ದಾಟಿದ್ರೆ ಅದು ವಿಷದ ಮಟ್ಟ.

ಕೌಲ್ ಬಜಾರ್ ಕಟ್ಟೆ
ಬಳ್ಳಾರಿ ರಾಯಚೂರು ಬಿಸಿಲಲ್ಲಿ ವಿಟಮಿನ್ ಡಿ ಕಡಿಮೆ ಅಂದ್ರೆ ಯಾರಾದ್ರೂ ನಂಬ್ತಾರಾ? ಇದೆಲ್ಲ ಲ್ಯಾಬ್‌ನವರ ಪ್ಯಾಕೇಜ್ ವ್ಯಾಪಾರ ಸ್ವಾಮಿ.

ತೋರಣಗಲ್ಲು ಸಿ ಶಿಫ್ಟ್
ನಂಬ್ಬೇಕು ಅಣ್ಣಾ. ಬಿಸಿಲು ಊರಿಗೆ ಬೀಳುತ್ತೆ, ಚರ್ಮಕ್ಕೆ ಬೀಳಲ್ಲ. ಉಕ್ಕಿನ ಕಾರ್ಖಾನೆ, ಹಟ್ಟಿ ಗಣಿಯ ಒಳಗೆ, ಬಳ್ಳಾರಿ ಜೀನ್ಸ್ ಹೊಲಿಗೆ ಶೆಡ್ಡು, ಎಲ್ಲಾ ಕಡೆ ಮಂದಿ ನೆರಳಲ್ಲಿ. ಸಿ ಶಿಫ್ಟ್ ಮುಗಿಸಿದವರು ಬೆಳಗ್ಗೆ ಬಂದು ಪರದೆ ಎಳೆದು ಮಲಗ್ತಾರೆ. ಕಿಟಕಿ ಗಾಜಿನ ಹಿಂದೆ ಕೂತರೆ ಲೆಕ್ಕಕ್ಕಿಲ್ಲ, ಡಿ ತಯಾರು ಮಾಡೋ ಕಿರಣ ಗಾಜು ದಾಟಲ್ಲ. ಬೆಳಗ್ಗೆ ಏಳರ ಎಳೆಬಿಸಿಲೂ ಅಷ್ಟೆ, ಹಿತವಾಗಿರುತ್ತೆ, ಡಿ ಕೊಡಲ್ಲ.

ಸುಲಭದ ಅಳತೆ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇರಬೇಕು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಒಂಬತ್ತೂವರೆಗೇ ಆಗುತ್ತೆ, ಡಿಸೆಂಬರ್‌ನಲ್ಲಿ 11ರಿಂದ ಒಂದೂವರೆವರೆಗೆ ಮಾತ್ರ. ಬೇಸಿಗೆಯಲ್ಲಿ 42 ಡಿಗ್ರಿ ಮಧ್ಯಾಹ್ನ ಯಾರೂ ನಿಲ್ಲಬೇಡಿ, ಒಂಬತ್ತೂವರೆಗೆ ಕೈ ಕಾಲು ತೆರೆದು 20-30 ನಿಮಿಷ ಸಾಕು. ಮೈ ಬಣ್ಣ ಗಾಢವಾದಷ್ಟೂ ಹೊತ್ತು ಜಾಸ್ತಿ ಬೇಕು.

ಕೌಲ್ ಬಜಾರ್ ಕಟ್ಟೆ
ನೆರಳಿನ ಲೆಕ್ಕ ಚೆನ್ನಾಗಿದೆ. ಆದ್ರೂ ಅರವತ್ತು ಎಪ್ಪತ್ತು ಟೆಸ್ಟಿನ ‘ಫುಲ್ ಬಾಡಿ’ ಪ್ಯಾಕೇಜ್ ಬಗ್ಗೆ ಹೇಳಿದ್ದು ವಾಪಸ್ ತಗೊಳ್ಳಲ್ಲ.

ಲ್ಯಾಬ್ ಕೋಟು
ತಗೋಬೇಡಿ, ಅದು ಸರಿನೇ ಇದೆ. ಅಷ್ಟು ಟೆಸ್ಟ್ ಮಾಡಿದ್ರೆ ಯಾವುದೋ ಒಂದೆರಡು ಕೆಂಪಕ್ಷರದಲ್ಲಿ ಬಂದೇ ಬರುತ್ತೆ. ಸಾಮಾನ್ಯ ಮಟ್ಟ ಅಂತ ಇಡೋದೇ ನೂರಕ್ಕೆ 95 ಆರೋಗ್ಯವಂತರು ಒಳಗೆ ಬರೋ ಹಾಗೆ, ಉಳಿದ 5 ಜನ ಸುಮ್ಮನೆ ಹೊರಗೆ ಬೀಳ್ತಾರೆ. ಆ ಕೆಂಪಕ್ಷರದ ಕೆಳಗೇ ಡಬ್ಬಿ ಜಾಹೀರಾತು.

ನೀರಿನ ಲೆಕ್ಕ
ಮೊಣಕಾಲು, ಸೊಂಟ ನೋವು ಅಂದ ಕೂಡಲೇ ಎಲ್ಲಾರೂ ಕ್ಯಾಲ್ಸಿಯಂ ಅಂತೀರಿ. ನಮ್ಮ ಮೂರೂ ಜಿಲ್ಲಾದಾಗ ಮೊದಲನೇ ಪ್ರಶ್ನೆ ಬೇರೆ ಐತಿ: ಹತ್ತಿಪ್ಪತ್ತು ವರ್ಷದಿಂದ ಯಾವ ನೀರು ಕುಡದಾರ? ಕೊಪ್ಪಳ, ರಾಯಚೂರು ಕಡಿ ಕೊಳವೆಬಾವಿಯೊಳಗ ಫ್ಲೋರೈಡ್ ಇರೋದು ಹಳೇ ಮಾತು. ಕುಡಿಯೋ ನೀರಾಗ ಲೀಟರ್‌ಗೆ 1 ಮಿ.ಗ್ರಾಂ ಒಳಗ ಇರಬೇಕು, ಬೇರೆ ಮೂಲ ಇಲ್ಲದಿದ್ರ 1.5ರ ತನಕ. ಅದು ದಾಟಿದ್ದು ವರ್ಷಗಟ್ಟಲೆ ಕುಡದ್ರ ಎಲುಬಿನ್ಯಾಗ ಕೂಡ್ತೈತಿ, ಸೊಂಟ ಕುತಿಗಿ ಬಿಗೀತಾವ.

ಮನ್ಯಾಗ ನೋಡೋದು: ಮೊಣಕಾಲು ಮಡಚದ ಬಗ್ಗಿ ಕಾಲ್ಬೆರಳು ಮುಟ್ಟಾಕ ಬರ್ತೈತೇನು? ಗದ್ದ ಎದಿಗೆ ತಾಗ್ತೈತೇನು? ಕೈ ಹಿಂದಕ ಒಯ್ದು ಹಿಂದಲೆ ಮುಟ್ಟಬಹುದೇನು? ಇವು ಆಗಲಿಲ್ಲಂದ್ರ ನೀರು ಪರೀಕ್ಷೆ ಮಾಡಸ್ರಿ, ಡಾಕ್ಟರ್‌ಗೆ ಮುಂಗೈ ಎಕ್ಸ್‌ರೇ ಬಗ್ಗೆ ಕೇಳ್ರಿ.

ನೀರು ಹಿಡಿಯೋ ರೀತಿ: ಪ್ಲಾಸ್ಟಿಕ್ ಬಾಟ್ಲಿ ಬೇಕು, ಗಾಜು ಬ್ಯಾಡ, ಫ್ಲೋರೈಡ್ ಗಾಜಿನ ಜೊತಿ ಸೇರತೈತಿ. ಬೋರು 5-10 ನಿಮಿಷ ಓಡಿಸಿ, ಅದೇ ನೀರಲೆ ಮೂರು ಸಲ ಬಾಟ್ಲಿ ತೊಳದು, ತುಂಬ ಹಿಡಿದು ಬಿರಡಿ ಹಾಕ್ರಿ. ಗ್ರಾಮೀಣ ಕುಡಿಯುವ ನೀರು ಇಲಾಖೆ ಪ್ರಯೋಗಾಲಯ ಜಿಲ್ಲಾ ಕೇಂದ್ರದಾಗ ಐತಿ. ಪಂಚಾಯಿತಿಯೊಳಗ ಜಲ ಜೀವನ್ ಮಿಷನ್ ಕಿಟ್ ಇದ್ರ ಅಲ್ಲೇ ಮೊದಲ ಪರೀಕ್ಷೆ ಆಗ್ತೈತಿ. ಮತ್ತ ಟಿಡಿಎಸ್ ಮೀಟರ್ ಚುಚ್ಚಿ ‘ನಮ್ಮ ನೀರು ಚಲೋ ಐತಿ’ ಅನಬ್ಯಾಡ್ರಿ. ಅದು ಒಟ್ಟು ಲವಣ ಹೇಳ್ತೈತಿ, ಫ್ಲೋರೈಡ್ ಹೇಳಂಗಿಲ್ಲ.

ಗಂಗಾವತಿ ಗಿರಣಿ ಓಣಿ
ಆರ್‌ಒ ಹಾಕಿ ಮೂರು ವರ್ಷ ಆತಂತ. ಅದಕ್ಕ ಮುಂಚೆ ಬೋರಿನ ನೀರ.

ನೀರಿನ ಲೆಕ್ಕ
ಆರ್‌ಒ ಫ್ಲೋರೈಡ್ ಬಹಳಷ್ಟು ತಗೀತೈತಿ, ಮೆಂಬ್ರೇನ್ ಹಳೇದಾಗಿರಬಾರದು ಅಷ್ಟ. ಆದ್ರ ಕ್ಯಾಲ್ಸಿಯಂನೂ ತಗೀತೈತಿ. ಊಟದಾಗ ಕ್ಯಾಲ್ಸಿಯಂ ಕಡಿಮಿ ಇದ್ದವರಿಗೆ ಫ್ಲೋರೈಡ್ ಹೆಚ್ಚು ಕಾಡ್ತೈತಿ, ಹೊಟ್ಟ್ಯಾಗ ಎರಡೂ ಸೇರಿದ್ರ ಫ್ಲೋರೈಡ್ ಒಳಗ ಹೋಗೋದು ಕಡಿಮಿ ಆಗ್ತೈತಿ. ಹಂಗಾಗಿ ಮಜ್ಜಿಗಿ, ಮೊಸರು, ರಾಗಿ, ನುಗ್ಗಿ ಸೊಪ್ಪು ಬಿಡಬ್ಯಾಡ್ರಿ. ಮಾತ್ರಿ ಆಮೇಲಿನ ಮಾತು.

ಡಬ್ಬಿ ಓದುವವ
ಮಗನ ಡಬ್ಬಿಗಳಿಗೆ ಬರ್ತೀನಿ.

ಮಾಸ್ ಗೇನರ್ ಮೊದಲು ಹೊರಗೆ ಹಾಕಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚೋ ಅದು ಮೊದಲು ಬರಬೇಕು ಅನ್ನೋದು ನಿಯಮ. ಬಹುತೇಕ ಗೇನರ್‌ಗಳಲ್ಲಿ ಮೊದಲು ಬರೋದು ಮಾಲ್ಟೋಡೆಕ್ಸ್‌ಟ್ರಿನ್, ಅಂದ್ರೆ ಪಿಷ್ಟ ಒಡೆದ ಪುಡಿ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಹೋಗುತ್ತೆ. ತಾಯಿಗೆ ಶುಗರ್ ಇರೋ ಮನೆಯಲ್ಲಿ ಮಗನಿಗೆ ಇದು ಬೇಡವೇ ಬೇಡ. ಸೋನಾ ಮಸೂರಿ ಅನ್ನಕ್ಕೆ ಬಾಳೆಹಣ್ಣು ಸೇರಿಸಿದ್ರೆ ಅದೇ ಕೆಲಸ ಆಗುತ್ತೆ.

ವೇ: 30 ಗ್ರಾಂ ಸ್ಕೂಪ್‌ಗೆ 24 ಗ್ರಾಂ ಪ್ರೋಟೀನ್ ಅಂದ್ರೆ 80 ಪರ್ಸೆಂಟ್, ಕಾನ್ಸಂಟ್ರೇಟ್‌ಗೆ ಇದು ಮೇಲಿನ ತುದಿ. ಐಸೊಲೇಟ್, ಅಂದ್ರೆ ಇನ್ನೂ ಹೆಚ್ಚು ಸೋಸಿದ ವೇ, 90ರ ಹತ್ತಿರ. ಕಾನ್ಸಂಟ್ರೇಟ್ ಅಂತ ಬರೆದು 27 ಗ್ರಾಂ ಅಂದ್ರೆ ಅನುಮಾನ ಪಡಿ. ಪದಾರ್ಥದಲ್ಲಿ ಗ್ಲೈಸಿನ್, ಟಾರಿನ್ ಇದ್ರೂ ಅನುಮಾನ ಪಡಿ. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಅಳೆಯೋದು ಸಾರಜನಕ, ಅದನ್ನ ಒಂದು ಅಂಕಿಯಿಂದ ಗುಣಿಸಿ ಪ್ರೋಟೀನ್ ಅಂತಾರೆ. ಅಗ್ಗದ ಅಮೈನೊ ಆಮ್ಲ ಸುರಿದ್ರೆ ಸಾರಜನಕ ಏರುತ್ತೆ, ಪ್ರೋಟೀನ್ ಏರಲ್ಲ. 24 ಗ್ರಾಂ ನಿಜವಾದ ವೇನಲ್ಲಿ ಲ್ಯೂಸಿನ್ ಅನ್ನೋ ಅಮೈನೊ ಆಮ್ಲ ಸುಮಾರು 2.5 ಗ್ರಾಂ ಇರಬೇಕು, ಲೇಬಲ್‌ನಲ್ಲಿ ಅದನ್ನ ಹುಡುಕಿ.

ಜಿಮ್ ಮೆಟ್ಟಿಲು
ಡೂಪ್ಲಿಕೇಟ್ ಕಂಡು ಹಿಡಿಯೋಕೆ ಅಯೋಡಿನ್ ಟೆಸ್ಟ್ ಇದೆಯಲ್ಲ ಬ್ರೋ. ಗಾಯಕ್ಕೆ ಹಾಕೋ ಅಯೋಡಿನ್ ಎರಡು ಹನಿ, ನೀಲಿ ಆದ್ರೆ ಡೂಪ್ಲಿಕೇಟ್.

ಡಬ್ಬಿ ಓದುವವ
ಅರ್ಧ ಸರಿ ತಮ್ಮಾ. ನೀಲಿ-ಕಪ್ಪು ಆದ್ರೆ ಪಿಷ್ಟ ಇದೆ ಅಂತ ಅರ್ಥ, ಅಕ್ಕಿಹಿಟ್ಟು ಅಥವಾ ಜೋಳದ ಪಿಷ್ಟ ಬೆರೆಸಿದ್ದು ಸಿಗುತ್ತೆ. ಆದ್ರೆ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿದ್ರೆ ನೀಲಿ ಬರದೇ ಇರಬಹುದು, ಸರಪಳಿ ತುಂಡಾಗಿರುತ್ತೆ. ಹಾಲಿನ ಪುಡಿ ಬೆರೆಸಿದ್ರೂ ಬರಲ್ಲ. ನೀಲಿ ಬಂದ್ರೆ ಎಸೆಯಿರಿ. ಬರಲಿಲ್ಲ ಅಂತ ನಂಬಬೇಡಿ.

ಕ್ಯೂಆರ್ ಕೋಡ್ ಕೂಡ ಹಾಗೇ. ನಕಲಿ ಡಬ್ಬಿ ಮೇಲಿನ ಕೋಡ್ ನಕಲಿ ಜಾಲತಾಣಕ್ಕೇ ಕರ್ಕೊಂಡು ಹೋಗಿ ‘ಅಸಲಿ’ ಅಂತ ಹಸಿರು ಟಿಕ್ ತೋರಿಸುತ್ತೆ. ಕಂಪನಿ ವಿಳಾಸವನ್ನ ಕೈಯಿಂದ ಟೈಪ್ ಮಾಡಿ, ಅಲ್ಲಿ ಸ್ಕ್ರ್ಯಾಚ್ ನಂಬರ್ ಹಾಕಿ. ಡಬ್ಬಿ ತಳದ ಬ್ಯಾಚ್ ನಂಬರ್, ಲೇಬಲ್ ಮೇಲಿನದು, ಬಿಲ್ಲಿನದು ಮೂರೂ ಒಂದೇ ಇರಬೇಕು. ಖಾಲಿ ಡಬ್ಬಿ ಗುಜರಿಗೆ ಹಾಕೋ ಮುಂಚೆ ಲೇಬಲ್ ಹರಿದು ಹಾಕಿ, ಇಲ್ಲಾಂದ್ರೆ ಅದೇ ಡಬ್ಬಿ ತುಂಬಿಕೊಂಡು ವಾಪಸ್ ಬರುತ್ತೆ.

ಜಿಮ್ ಮೆಟ್ಟಿಲು
ಕ್ರಿಯಾಟಿನ್ ಕಿಡ್ನಿ ಹಾಳು ಮಾಡುತ್ತೆ ಅಂತ ಮನೇಲಿ ಬೈತಾರಲ್ಲ, ಅದು?

ಲ್ಯಾಬ್ ಕೋಟು
ಆರೋಗ್ಯವಂತ ಕಿಡ್ನಿಗೆ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್‌ನಿಂದ ಹಾನಿ ಕಂಡಿಲ್ಲ. ಗೊಂದಲ ಬರೋದು ವರದಿಯಲ್ಲಿ. ಕ್ರಿಯಾಟಿನ್ ಒಡೆದು ಕ್ರಿಯಾಟಿನಿನ್ ಆಗುತ್ತೆ, ರಕ್ತದಲ್ಲಿ ಅದೇ ಏರಿ ಕಿಡ್ನಿ ಸೋತಿದೆ ಅನ್ನೋ ಹಾಗೆ ಕಾಣುತ್ತೆ. ರಕ್ತ ಕೊಡುವಾಗ ಹೇಳಿ, ಅನುಮಾನ ಬಂದ್ರೆ ಸಿಸ್ಟಾಟಿನ್ ಸಿ ಅನ್ನೋ ಬೇರೆ ಪರೀಕ್ಷೆ ಇದೆ. ಮೊದಲ ವಾರ 20 ಗ್ರಾಂ ‘ಲೋಡಿಂಗ್’ ಬೇಕಿಲ್ಲ, ಹೊಟ್ಟೆ ಕೆಡುತ್ತೆ ಅಷ್ಟೇ. 3 ಗ್ರಾಂನಂತೆ ಒಂದು ತಿಂಗಳಲ್ಲಿ ಅದೇ ಮಟ್ಟ ಮುಟ್ಟುತ್ತೆ. ಕಿಡ್ನಿ ತೊಂದರೆ ಮೊದಲೇ ಇರೋರು ಮುಟ್ಟಬಾರದು.

ರೊಟ್ಟಿ ಬಡಿಯೋಕಿ
ಆ ಹುಡುಗಗ ಪ್ರೋಟೀನ್ ಕಡಿಮಿ ಅಂತ ಹೇಳಿದವರ‍್ಯಾರು? ಆ್ಯಪ್ ಅಲ್ಲೇನು? ಆ ಊಟದ ಆ್ಯಪಿನ್ಯಾಗ ‘ರೊಟ್ಟಿ’ ಅಂತ ಒತ್ತಿ ನೋಡ್ರಿ, ಗೋಧಿ ಚಪಾತಿ ತೋರಸ್ತೈತಿ, 30 ಗ್ರಾಂ ಹಿಟ್ಟಿಂದು. ‘ಜೋಳ’ ಅಂದ್ರ ಮೆಕ್ಕಿಜೋಳ ತಂದು ನಿಲ್ಲಸ್ತೈತಿ. ನಮ್ಮ ಕಡಿ ಒಂದು ಬಿಳಿಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡೀತೈತಿ, ಕೈ ದೊಡ್ಡದಿದ್ರ 60.

ಲೆಕ್ಕ ಹಾಕ್ರಿ: ನಾಕು ರೊಟ್ಟಿ, 200 ಗ್ರಾಂ ಹಿಟ್ಟು, ಪ್ರೋಟೀನ್ 20 ಗ್ರಾಂ. ತೊಗರಿಬ್ಯಾಳಿ 50 ಗ್ರಾಂ, 11. ಶೇಂಗಾ ಹಿಂಡಿ 30 ಗ್ರಾಂ, 7. ಹಾಲು-ಮೊಸರು ಕಾಲು ಲೀಟರ್, 8. ಅಲ್ಲಿಗೇ 46 ಆತು. ಒಂದು ಹಿಡಿ ಪುಟಾಣಿ ಇಲ್ಲಾ ಎರಡು ತತ್ತಿ ಸೇರಿಸಿದ್ರ ಮುಗೀತು.

ಡಬ್ಬಿ ಓದುವವ
ಅಕ್ಕಾರೆ, ಲೆಕ್ಕ ಚೊಕ್ಕ ಇದೆ, ಆದ್ರೆ ಆ ಮನೇಲಿ ರೊಟ್ಟಿ ವಾರಕ್ಕೊಮ್ಮೆ. ಎರಡನೇದು, ಕೂತು ಕೆಲಸ ಮಾಡೋರಿಗೆ ತೂಕದ ಕೆಜಿಗೆ 0.83 ಗ್ರಾಂ, 62 ಕೆಜಿಗೆ 51. ಭಾರ ಎತ್ತೋರಿಗೆ 1.6ರವರೆಗೆ ಉಪಯೋಗ ಇದೆ, ಅಂದ್ರೆ 99. ನಡುವಿನ ಗ್ಯಾಪು ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಕಟ್ಟೋಕೆ ಪ್ರೋಟೀನ್ ಪುಡಿ ಬೇಡ ಅಂದಿದೆ, ಊಟದಿಂದ ಸಿಗುತ್ತೆ ಅಂತ. ಸಿಗುತ್ತೆ, ನಿಜ. ಆದ್ರೆ ಎರಡು ಹೊತ್ತೂ ಅನ್ನದ ಊಟದಲ್ಲಿ 99 ಗ್ರಾಂ ಯಾರು ಕೊಡ್ತಾರೆ? ದಿನಕ್ಕೆ ಒಂದು ಸ್ಕೂಪು ಇರಲಿ, ಎರಡು ಬೇಡ. ಸ್ಕೂಪನ್ನೂ ಒಂದು ಸಲ ತಕ್ಕಡಿಯಲ್ಲಿ ತೂಗಿ. ಪುಡಿ ಕುಳಿತಿದ್ರೆ 30ರ ಜಾಗದಲ್ಲಿ 36 ಬರುತ್ತೆ, ಡಬ್ಬಿ ಬೇಗ ಖಾಲಿ.

ರೊಟ್ಟಿ ಬಡಿಯೋಕಿ
ಅದಕ್ಕ ಹೇಳೋದು, ರೊಟ್ಟಿ ವಾರಕ್ಕೊಮ್ಮೆ ಯಾಕ ಆತು? ಕಾಲುವಿ ನೀರು ಬಂತು, ಭತ್ತ ಬಂತು, ಮ್ಯಾಲ ಬಡಿಯಾಕ ಪುರಸತ್ತಿಲ್ಲ. ಖಡಕ್ ರೊಟ್ಟಿ ಮಾಡಿಟ್ಟರ ತಿಂಗಳು ಇರ್ತಾವ.

ಮಾತ್ರೆ ಅಂಗಡಿ
ಪ್ರೋಟೀನ್‌ನಲ್ಲಿ ಅಕ್ಕಿ-ಜೋಳಕ್ಕೆ ಅಷ್ಟು ದೊಡ್ಡ ಅಂತರ ಇಲ್ಲ, 8 ಮತ್ತು 10. ಕಬ್ಬಿಣದಲ್ಲಿದೆ: ಪಾಲಿಶ್ ಅಕ್ಕಿ 100 ಗ್ರಾಂಗೆ 0.65 ಮಿ.ಗ್ರಾಂ, ಜೋಳ 4ರ ಹತ್ತಿರ. ಆದ್ರೆ ಜೋಳದಲ್ಲಿ ಕಬ್ಬಿಣ ಹಿಡಿದಿಡೋ ಫೈಟೇಟ್ ಅನ್ನೋ ಅಂಶ ಇರೋದ್ರಿಂದ ಅಷ್ಟೂ ಸೇರಲ್ಲ. ನಿಂಬೆಹಣ್ಣು, ಟೊಮೆಟೊ, ಮೊಳಕೆ ಮಡಿಕೆಕಾಳು ಜೊತೆಗಿದ್ರೆ ಪಾಲು ಹೆಚ್ಚುತ್ತೆ. ಊಟ ಆದ ಕೂಡಲೇ ಚಹಾ ಕುಡಿದ್ರೆ ಕುಸಿಯುತ್ತೆ.

ಸಿಂಧನೂರು ಸೋನಾ
ಅನ್ನದ ಮಾತು ಬಂತು ಅಂತ ಕೇಳ್ತೀನಿ. ರೇಷನ್ ಅಕ್ಕಿಯೊಳಗ ಪ್ಲಾಸ್ಟಿಕ್ ಅಕ್ಕಿ ಬರ್ತಾವಲ್ರಿ, ನೀರಿಗೆ ಹಾಕಿದ್ರ ತೇಲ್ತಾವ, ಆರಿಸಿ ಚೆಲ್ತಾರ.

ಡಬ್ಬಿ ಓದುವವ
ಚೆಲ್ಲಬೇಡ್ರಿ! ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಕಾಳು. ನುಚ್ಚಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಶಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ ಅಕ್ಕಿ ಆಕಾರಕ್ಕೆ ಕತ್ತರಿಸ್ತಾರೆ. ಸಾರವರ್ಧಿತ ಅಕ್ಕಿ ಮಾಡುವಾಗ ಗಿರಣಿಯಲ್ಲಿ 100 ಕೆಜಿ ಅಕ್ಕಿಗೆ ಇಂಥ ಕಾಳು 1 ಕೆಜಿ ಬೆರೆಸ್ತಾರೆ. ಬಣ್ಣ ಸ್ವಲ್ಪ ಮಂಕು, ಸಾಂದ್ರತೆ ಬೇರೆ, ಅದಕ್ಕೇ ಕೆಲವು ತೇಲುತ್ತವೆ. ನಿಯಮದ ಪ್ರಕಾರ ಬೆರೆಸಿದ ಅಕ್ಕಿ ಕೆಜಿಗೆ 28ರಿಂದ 42.5 ಮಿ.ಗ್ರಾಂ ಕಬ್ಬಿಣ. ತಿಂಗಳಿಗೆ ಒಬ್ಬರು ಇಂಥ ಅಕ್ಕಿ 5 ಕೆಜಿ ತಿಂದ್ರೆ ದಿನಕ್ಕೆ 167 ಗ್ರಾಂ, ಅದರಲ್ಲಿ ಸುಮಾರು 5ರಿಂದ 7 ಮಿ.ಗ್ರಾಂ. ಆ ಕಾಳು ಆರಿಸಿ ತಿಪ್ಪೆಗೆ ಹಾಕಿ, ಅದೇ ಫೋನಿನಲ್ಲಿ ಐರನ್ ಗಮ್ಮಿ ಆರ್ಡರ್ ಮಾಡ್ತಾರೆ.

ಒಂದು ಎಚ್ಚರಿಕೆ: ಥಲಸ್ಸೀಮಿಯಾ, ಸಿಕಲ್ ಸೆಲ್ ಇರೋರು ಡಾಕ್ಟರ್‌ನ ಕೇಳದೆ ಈ ಅಕ್ಕಿ, ಐರನ್ ಮಾತ್ರೆ ಎರಡನ್ನೂ ತಗೋಬಾರದು.

ಸಿಂಧನೂರು ಸೋನಾ
ಗಿರಣಿಯವರಾದ್ರೂ ಚೀಲದ ಮ್ಯಾಲ ದೊಡ್ಡದಾಗಿ ಬರೀಬೇಕಿತ್ತು. ಪ್ಲಾಸ್ಟಿಕ್ ಅಂತ ವಾಟ್ಸ್‌ಆ್ಯಪಿನ್ಯಾಗ ಬಂದಿದ್ದಕ್ಕ ಲೆಕ್ಕ ಇಲ್ಲ.

ಮಾತ್ರೆ ಅಂಗಡಿ
ಮಗಳ ವಿಷಯ. ಐರನ್ ಚಹಾದ ಜೊತೆ ಅಂದ್ರೆ ಅರ್ಧಕ್ಕರ್ಧ ಚರಂಡಿಗೆ. ಮೊದಲು ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ) ನೋಡಿಸಿ, ಬೇಕು ಅಂತಾದ್ರೆ ಹೀಗೆ: ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ಆದ ಮೇಲೆ, ನಿಂಬೆ ಪಾನಕದ ಜೊತೆ. ಹಾಲು, ಕ್ಯಾಲ್ಸಿಯಂ, ಚಹಾ ಎರಡು ಗಂಟೆ ದೂರ. ಹೊಟ್ಟೆ ತೊಳಸಿದ್ರೆ ದಿನ ಬಿಟ್ಟು ದಿನ ತಗೊಳ್ಳೋ ಬಗ್ಗೆ ಡಾಕ್ಟರ್‌ನ ಕೇಳಿ. ಒಂದು ಮಾತ್ರೆ ಹೋದ ಮೇಲೆ ಒಂದು ದಿನದ ಮಟ್ಟಿಗೆ ದೇಹವೇ ಬಾಗಿಲು ಹಾಕಿಕೊಳ್ಳುತ್ತೆ, ಎಡೆ ಬಿಟ್ಟರೆ ಸೇರೋ ಪಾಲು ಹೆಚ್ಚು. ಮಲ ಕಪ್ಪಾಗೋದು ಸಹಜ, ಹೆದರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡೋ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಬಣ್ಣದ ಡಬ್ಬಿಯ ಗಮ್ಮಿಯಲ್ಲಿ ಅದರ ಕಾಲು ಭಾಗವೂ ಸಿಗೋದು ಕಷ್ಟ.

ಮಕ್ಕಳಿರೋ ಮನೆಯಲ್ಲಿ ಐರನ್ ಮಾತ್ರೆ ಎತ್ತರದಲ್ಲಿ ಇಡಿ. ಚಾಕೊಲೇಟ್ ಅಂದುಕೊಂಡು ನುಂಗಿದ್ರೆ ಜೀವಕ್ಕೇ ಅಪಾಯ.

ಲ್ಯಾಬ್ ಕೋಟು
ಕೂದಲಿನ ಗಮ್ಮಿಯಲ್ಲಿರೋದು ಬಯೋಟಿನ್ ಅನ್ನೋ ವಿಟಮಿನ್. ಥೈರಾಯ್ಡ್ ಪರೀಕ್ಷೆಯನ್ನ ಅದು ದಾರಿ ತಪ್ಪಿಸುತ್ತೆ: ಕೆಲವು ಯಂತ್ರಗಳು ಬಯೋಟಿನ್ ಅಂಟನ್ನೇ ಬಳಸಿ ಅಳೆಯುತ್ತವೆ, ರಕ್ತದಲ್ಲಿ ಬಯೋಟಿನ್ ತುಂಬಿದ್ರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿಸಬಹುದು. ಎದೆನೋವು ಬಂದಾಗ ನೋಡೋ ಟ್ರೊಪೋನಿನ್ ಕೂಡ ಸುಳ್ಳು ಕಡಿಮೆ ಬರಬಹುದು, ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡೋ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ತಾಯಿಯೂ ಅದೇ ಡಬ್ಬಿಯಿಂದ ಒಂದೆರಡು ಬಾಯಿಗೆ ಹಾಕ್ಕೊಳ್ತಾರಾ?

ಗಂಗಾವತಿ ಗಿರಣಿ ಓಣಿ
ಹಾಕ್ಕೊಂತಾರಂತ. ‘ಸಿಹಿ ಐತಿ’ ಅಂತ.

ಲ್ಯಾಬ್ ಕೋಟು
ಶುಗರ್ ಇದ್ದೂ ಸಿಹಿ ಗಮ್ಮಿ! ಒಂದೊಂದರಲ್ಲಿ ಎರಡು ಮೂರು ಗ್ರಾಂ ಸಕ್ಕರೆ ಇರುತ್ತೆ.

ಅಶ್ವಗಂಧವನ್ನೂ ನಿಲ್ಲಿಸಿ ಡಾಕ್ಟರ್‌ಗೆ ಹೇಳಿ. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು, ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ವರದಿಗಳಲ್ಲಿವೆ. ಆ್ಯಪ್ ಹತ್ತು ಪ್ರಶ್ನೆ ಕೇಳ್ತು ಅಂದ್ರಲ್ಲ, ‘ನೀವು ಯಾವ ಮಾತ್ರೆ ತಗೊಳ್ತಿದ್ದೀರಿ’ ಅಂತ ಕೇಳ್ತಾ? ಇನ್ನೊಂದು: ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡೋರಲ್ಲಿ ಬಿ12 ಇಳಿಯುತ್ತೆ. ಪೂರಕಗಳಲ್ಲಿ ಅವರಿಗೆ ನಿಜವಾಗಿ ಬೇಕಾಗಿರಬಹುದಾದ್ದು ಅದು, ಪಟ್ಟಿಯಲ್ಲಿ ಅದೇ ಇಲ್ಲ. ಕಾಲು ಜೋಮು ಇದ್ರೆ ಖಂಡಿತ ಪರೀಕ್ಷೆ ಮಾಡಿಸಿ.

ಶಕ್ತಿನಗರ ಚಿಮಣಿ
ತಂದೆಯವರ ಮೀನೆಣ್ಣೆ: ‘1000 ಮಿ.ಗ್ರಾಂ’ ಅಂತ ಮುಂದೆ ದೊಡ್ಡಕ್ಷರ, ಹಿಂದೆ ಸಣ್ಣಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಕೆಲಸ ಮಾಡೋ ಒಮೆಗಾ-3 ಕೊಬ್ಬು ಇವೆರಡೇ, ಒಟ್ಟು 300 ಮಾತ್ರ. ವಾರಕ್ಕೆರಡು ಸಲ ಮೀನು ತಿನ್ನೋರಿಗೆ ಬೇಕಿಲ್ಲ. ವಾರ್ಫರಿನ್ ಥರದ ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಡಾಕ್ಟರ್‌ಗೆ ಹೇಳದೆ ಬೇಡ. ಬುರುಬುರು ಮಾತ್ರೆ ಬಿಪಿಯವರಿಗೆ ಹೊಂದಲ್ಲ, ನೊರೆ ಬರಿಸೋಕೆ ಸೋಡಾ ಹಾಕಿರ್ತಾರೆ. ಒಂದರಲ್ಲಿ 300 ಮಿ.ಗ್ರಾಂ ಸುತ್ತಮುತ್ತ ಸೋಡಿಯಂ ಇರಬಹುದು, ಮುಕ್ಕಾಲು ಗ್ರಾಂ ಉಪ್ಪು ತಿಂದ ಹಾಗೆ.

ರೊಟ್ಟಿ ಬಡಿಯೋಕಿ
ಶ್ರಾವಣದಾಗೂ ಮೀನೆಣ್ಣಿ ನಡೀತೈತೇನ್ರಿ? 😄 ಅಗಸಿ ಹಿಂಡಿ ಐತಲ್ಲ.

ಶಕ್ತಿನಗರ ಚಿಮಣಿ
ಅಗಸಿ ಒಳ್ಳೇದೇ, ಒಂದು ದೊಡ್ಡ ಚಮಚ ಅಗಸಿ ಪುಡಿಯಲ್ಲಿ ಒಂದೂವರೆ ಗ್ರಾಂ ಒಮೆಗಾ-3 ಇರುತ್ತೆ. ಆದ್ರೆ ಅದು ಬೇರೆ ಜಾತಿಯದು, ದೇಹ ಅದರಲ್ಲಿ ಸ್ವಲ್ಪವೇ ಇಪಿಎ-ಡಿಎಚ್‌ಎ ಮಾಡ್ಕೊಳ್ಳುತ್ತೆ. ಇಡೀ ಕಾಳು ನುಂಗಿದ್ರೆ ಹಾಗೇ ಹೊರಗೆ ಹೋಗುತ್ತೆ, ಪುಡಿ ಮಾಡಬೇಕು. ಪುಡಿ ಬೇಗ ಕಮಟುತ್ತೆ, ವಾರಕ್ಕೆ ಬೇಕಾದಷ್ಟೇ ಕುಟ್ಟಿ. ಸಸ್ಯಾಹಾರಿಗಳಿಗೆ ಪಾಚಿ ಎಣ್ಣೆ ಕ್ಯಾಪ್ಸೂಲ್ ಸಿಗುತ್ತೆ. ಕ್ಯಾಪ್ಸೂಲಿನ ಹೊರಕವಚ ಜೆಲಾಟಿನ್ ಆದ್ರೆ ಅದೂ ಪ್ರಾಣಿಯದ್ದೇ. ಪೂರಕ ಆಹಾರದ ಡಬ್ಬಿಯಲ್ಲಿ ಹಸಿರು ಚುಕ್ಕಿಯೋ ಕಂದು ತ್ರಿಕೋನವೋ ಇರುತ್ತೆ, ನೋಡಿ.

ಕೌಲ್ ಬಜಾರ್ ಕಟ್ಟೆ
ಪಾರ್ಸಲ್ ಬಿಸಿಲಿಗೆ ಯಾರೂ ಉತ್ತರ ಕೊಡ್ಲಿಲ್ಲ.

ಮಾತ್ರೆ ಅಂಗಡಿ
ಡಬ್ಬಿ ಮೇಲೆ ‘25 ಡಿಗ್ರಿ ಒಳಗೆ’ ಅಥವಾ ‘30 ಡಿಗ್ರಿ ಒಳಗೆ ಇಡಿ’ ಅಂತ ಇರುತ್ತೆ. ಹೊರಗೆ 42 ಇದ್ದಾಗ ಮುಚ್ಚಿದ ಗಾಡಿ ಒಳಗೆ 50 ದಾಟುತ್ತೆ. ಮೊದಲು ಕೆಡೋದು ಪ್ರೋಬಯೋಟಿಕ್, ಬದುಕಿರೋ ಸೂಕ್ಷ್ಮಜೀವಿ ಸಾಯುತ್ತೆ, ನೋಡೋಕೆ ಏನೂ ಗೊತ್ತಾಗಲ್ಲ. ಗಮ್ಮಿ ಒಂದೇ ಮುದ್ದೆಯಾಗಿ ಬಂದ್ರೆ, ಮೀನೆಣ್ಣೆ ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿದ್ರೆ ವಾಪಸ್ ಕಳಿಸಿ. ಒಂದು ಕ್ಯಾಪ್ಸೂಲ್ ಚುಚ್ಚಿ ಮೂಸಿ, ಹಳೇ ಬಣ್ಣದ ಡಬ್ಬಿ ವಾಸನೆ ಬಂದ್ರೆ ಎಣ್ಣೆ ಕೆಟ್ಟಿದೆ. ಮಾರ್ಚ್‌ನಿಂದ ಜೂನ್‌ವರೆಗೆ ಇವು ಮೂರನ್ನೂ ಆನ್‌ಲೈನ್ ತರಿಸಬೇಡಿ.

ಮನೇಲಿ: ಫ್ರಿಡ್ಜ್ ತಲೆ ಮೇಲೆ, ಒಲೆ ಪಕ್ಕದ ಕಪಾಟು ಎರಡೂ ಬೇಡ. ಮಲಗೋ ಕೋಣೆ ಅಲಮಾರಿಯ ಕೆಳಗಿನ ಖಾನೆ ಸರಿ. ಬುರುಬುರು ಮಾತ್ರೆ ಫ್ರಿಡ್ಜ್‌ನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಬೆವರಿ ಕೆಡುತ್ತೆ.

ಡಬ್ಬಿ ಓದುವವ
ಕೊನೇದಾಗಿ ಲೇಬಲ್. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು, ಪ್ರಾಧಿಕಾರದ ಫಾಸ್ಕಾಸ್ ಅನ್ನೋ ಪರವಾನಗಿ ಜಾಲತಾಣದಲ್ಲಿ ಹಾಕಿ ನೋಡಿ. ಆದ್ರೆ ಅದು ತಯಾರಕನಿಗೆ ಪರವಾನಗಿ ಇದೆ ಅಂತ ಹೇಳುತ್ತೆ, ಈ ಡಬ್ಬಿ ಒಳ್ಳೇದು ಅಂತ ಅಲ್ಲ. ‘ಔಷಧಿಯಾಗಿ ಬಳಸುವಂತಿಲ್ಲ’ ಅನ್ನೋ ಸಾಲು ಕಡ್ಡಾಯ. ಅದೇ ಡಬ್ಬಿ ಪಕ್ಕದಲ್ಲಿ ‘ಶುಗರ್ ವಾಸಿ’ ಅಂತ ಜಾಹೀರಾತು ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಕಳಿಸಿ. ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆಗೆ ಕೊಡೋಕೂ ಅವಕಾಶ ಇದೆ, 2006ರ ಕಾಯ್ದೆಯ 40ನೇ ಸೆಕ್ಷನ್.

ಗಂಗಾವತಿ ಗಿರಣಿ ಓಣಿ
ಎಲ್ಲಾರಿಗೂ ಶರಣು. ಹೊಸ ಪಟ್ಟಿ ನೋಡ್ರಿ: ತಾಯಿ 6ಕ್ಕ ಥೈರಾಯ್ಡ್, 7ಕ್ಕ ಚಹಾ. ಸ್ಯಾಶೆ, ಅಶ್ವಗಂಧ, ಗಮ್ಮಿ ಬಂದ್. ಡಾಕ್ಟರ್ ಹೂಂ ಅಂದ್ರ ಮಧ್ಯಾಹ್ನ ಊಟದ ಜೊತಿ ಕ್ಯಾಲ್ಸಿಯಂ. ಡಿ, ಕ್ಯಾಲ್ಸಿಯಂ, ಬಿ12, ನೀರು ಪರೀಕ್ಷೆಗೆ. ಮಗ ಒಂದು ಸ್ಕೂಪು, ಕ್ರಿಯಾಟಿನ್ 3 ಗ್ರಾಂ. ಮಗಳು ಫೆರಿಟಿನ್ ಆದ ಮ್ಯಾಲ ಐರನ್, ನಿಂಬೆಹಣ್ಣಿನ ಜೊತಿ. ತಂದಿ ಬುರುಬುರು ಬಂದ್, ಉಪ್ಪಿನ ಬದಲಿ ಆ್ಯಪ್ ತೋರಿಸಿದ ‘ಲೋ ಸೋಡಿಯಂ’ ಉಪ್ಪು.

ಶಕ್ತಿನಗರ ಚಿಮಣಿ
ನಿಲ್ರಿ, ಆ ಉಪ್ಪು ಬೇಡ! ಅದರಲ್ಲಿ ಸೋಡಿಯಂ ತೆಗೆದು ಹಾಕಿರೋದು ಪೊಟ್ಯಾಸಿಯಂ ಕ್ಲೋರೈಡ್. ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತೆ. ಎರಡೂ ಸೇರಿದ್ರೆ, ಅದರಲ್ಲೂ ಕಿಡ್ನಿ ಸ್ವಲ್ಪ ಸೋತಿದ್ರೆ, ಹೃದಯದ ಬಡಿತವೇ ಏರುಪೇರಾಗಬಹುದು. ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಿ ಡಾಕ್ಟರ್ ಸರಿ ಅಂದ ಮೇಲೆ ಮಾತ್ರ. ಅಲ್ಲಿಯವರೆಗೆ ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ, ಉಪ್ಪಿನಕಾಯಿ ಹಪ್ಪಳ ದೂರ ಇಡಿ.

ಗಂಗಾವತಿ ಗಿರಣಿ ಓಣಿ
ಉಪ್ಪಿನ ಆರ್ಡರ್ ಕ್ಯಾನ್ಸಲ್ ಮಾಡ್ಯಾರ. ‘ಪ್ರತಿ ತಿಂಗಳು ಕಳಿಸಿ’ ತಗಿಯಾಕ ಮಾತ್ರ ಎಲ್ಲಿ ಒತ್ತಬೇಕು ಸಿಗವಲ್ದು.

ಜಿಮ್ ಮೆಟ್ಟಿಲು
ಪ್ರೊಫೈಲ್‌ಗೆ ಹೋಗಿ ಸಬ್‌ಸ್ಕ್ರಿಪ್ಷನ್ ಹುಡುಕಿ ಅಣ್ಣಾ. ಅಲ್ಲಿ ಸಿಗಲಿಲ್ಲ ಅಂದ್ರೆ ಯುಪಿಐ ಆ್ಯಪ್ ತೆಗೆದು ‘ಆಟೊಪೇ’ ಒಳಗೆ ಅದನ್ನೇ ರದ್ದು ಮಾಡಿ, ದುಡ್ಡು ಹೋಗದೆ ಸ್ಯಾಶೆ ಬರಲ್ಲ.

ಗಂಗಾವತಿ ಗಿರಣಿ ಓಣಿ
ಸಿಕ್ತು ಸಿಕ್ತು, ಆಟೊಪೇ ಒಳಗ. ಮಾಸ್ ಗೇನರ್‌ದೂ ಅಲ್ಲೇ ಕುಂತಿತ್ತು.

ರೊಟ್ಟಿ ಬಡಿಯೋಕಿ
ಜೋಳ ಬೀಸಸಾಕ ಹೋದ್ರ ಹದಿನೈದು ದಿನಕ್ಕ ಆಗೋವಷ್ಟ ಬೀಸಸ್ರಿ. ಹಳೇ ಹಿಟ್ಟಿನ ರೊಟ್ಟಿ ಬಡಿಯಾಕ ಕುಂತ್ರ ಅಂಚು ಬಿರೀತಾವ, ಆಮ್ಯಾಲ ‘ನಮಗ ಬರಂಗಿಲ್ಲ’ ಅಂತ ಮತ್ತ ಅನ್ನಕ್ಕ ಇಡ್ತೀರಿ. ನೀರು ಕುದಿಸಿ ಹಾಕ್ರಿ.